ಹರಿದ ಕೊಡೆಗಳ ಬಾವುಟ

ಬಾಳೆಹೊನ್ನೂರಿನಿಂದ ನರಸಿಂಹರಾಜಪುರದ ಕಡೆ ಹೋಗುವ ಬಸ್ಸು ಕಡವಿನಪೇಟೆಯಲ್ಲಿ ನಿಂತಾಗ ಇಳಿದವರಿಗೆ ಮೊದಲು ಕಾಣುವುದು ಊರಲ್ಲ, ರಹೀಮಕ್ಕ. ಬಸ್‌ಸ್ಟ್ಯಾಂಡಿನ ನಡುವೆ ಎಂದೋ ಗಾಳಿಗೆ ಬಿದ್ದ ನೇರಳೆ ಮರದ ಕೊರಡು, ಕೊರಡಿಗೆ ಕಟ್ಟಿದ ತೇಪೆಯ ದೊಡ್ಡ ಕೊಡೆ, ಅದರ ಕೆಳಗೆ ಒಂದು ಕಲ್ಲು ಚಪ್ಪಡಿ, ಚಪ್ಪಡಿಯ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಕೂತ ಹೆಂಗಸು. ತಲೆಯ ಮೇಲೆ ಸೆರಗು, ಮೂಗಿನ ತುದಿಗೆ ಕನ್ನಡಕ, ಎಡಗಡೆ ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕೊಡೆಯ ಕಡ್ಡಿ, ಹಿಡಿ, ಸ್ಪ್ರಿಂಗು, ಇಕ್ಕಳ, ಮೇಣ ಉಜ್ಜಿದ ದಾರ. ಗಾಳಿಗೆ ಮಗುಚಿದ ಕೊಡೆ ಹಿಡಿದು ಇಳಿದವರು ಅತ್ತಿತ್ತ ಹುಡುಕಬೇಕಾಗಿಲ್ಲ. ಬೆಳಿಗ್ಗೆ ಕೊಟ್ಟು ಕೊಪ್ಪಕ್ಕೆ ಹೋದವರು ಸಂಜೆಯ ಬಸ್ಸಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಬಾಳಗಡಿಯ ಕಾಲೇಜಿಗೆ ಹೋಗುವ ಹುಡುಗಿಯರಂತೂ ಕಿಟಕಿಯಿಂದಲೇ ಕೊಡೆ ಎಸೆದು, "ರಹೀಮಕ್ಕಾ, ಬಟನ್ ಒತ್ತಿದ್ರೆ ಬಿಚ್ತಿಲ್ಲ" ಎಂದು ಕೂಗಿ ಹೊರಟುಬಿಡುತ್ತಾರೆ.

ಪೂರ್ತಿ ಹೆಸರು ರಹೀಮುನ್ನೀಸಾ. ಆ ಚಪ್ಪಡಿ ಮೊದಲು ಅವಳ ಗಂಡ ಅಬ್ದುಲ್ ವಹಾಬರದ್ದು. ಅವರು ತೀರಿಕೊಂಡ ಮೇಲೆ ವಿಧವೆ ಹೊರಗೆ ಬಾರದ ಇದ್ದತ್ತಿನ ತಿಂಗಳುಗಳನ್ನು ಮನೆಯೊಳಗೆ ಕಳೆದು, ಅದು ಮುಗಿದ ಮಾರನೆಯ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಬಂದು ಕೂತಳು. ಮೈದುನ ಹಿಂದೆಯೇ ಬಂದ.

"ಅತ್ತಿಗೆ, ಬಸ್‌ಸ್ಟ್ಯಾಂಡಲ್ಲಿ ಹೆಂಗಸು ಕೂತ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು?"

"ಮರ್ಯಾದೆ ಎಲ್ಲಾದ್ರೂ ಹರಿದಿದ್ರೆ ತಗೊಂಡು ಬನ್ನಿ, ಹೊಲಿದು ಕೊಡ್ತೀನಿ," ಎಂದಳು.

ಆ ಮಳೆಗಾಲವಿಡೀ ಮೈದುನ ಮಾತು ಬಿಟ್ಟಿದ್ದ. ಮುಂದಿನ ಮಳೆಗಾಲದಲ್ಲಿ ಅವನ ಕೊಡೆಯ ಕಡ್ಡಿ ಮುರಿಯಿತು. ಅವಳು ಏನೂ ಕೇಳದೆ ಸರಿಮಾಡಿ ಕೊಟ್ಟಳು. ಅಲ್ಲಿಂದ ಆ ಚಪ್ಪಡಿ ಅವಳದ್ದೇ ಆಯಿತು. ಊಟಕ್ಕೋ ನಮಾಜಿಗೋ ಎದ್ದು ಹೋಗುವಾಗ ವಹಾಬರ ಹಳೆಯ ಕೊಡೆಯನ್ನು ಚಪ್ಪಡಿಯ ಮೇಲೆ ಅಡ್ಡ ಇಟ್ಟು ಹೋಗುತ್ತಿದ್ದಳು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ನಮ್ಮ ಕಡೆ ಟವೆಲ್ ಹಾಕಿದ ಸೀಟಿನಲ್ಲಿ ಯಾರಾದರೂ ಕೂತದ್ದು ಉಂಟೇ? ಬಸ್ಸು ಕಾಯುವವರು ಮಳೆಯಲ್ಲಿ ನಿಂತು ನೆನೆಯುತ್ತಿದ್ದರೇ ಹೊರತು ಆ ಕೊಡೆ ಸರಿಸಿ ಕೂತವರಿಲ್ಲ.

ಹೀಗಿರುವಾಗ ಕಡವಿನಪೇಟೆಗೆ ಪಟ್ಟಣ ಪಂಚಾಯಿತಿ ಬಂತು. ಅಡಿಕೆ ಮಂಡಿಯ ಸೋಮಶೇಖರಪ್ಪ ಅಧ್ಯಕ್ಷರಾದರು. ಕೆಟ್ಟ ಮನುಷ್ಯರಲ್ಲ. ಸಾವಿನ ಮನೆಗೂ ಮದುವೆ ಮನೆಗೂ ಮೊದಲು ಹೋಗಿ ನಿಲ್ಲುವವರು. ಆದರೆ ಮೈಕು, ಹಾರ, ರಿಬ್ಬನ್ನು ಎಂದರೆ ಜೀವ. ಯಾವುದೋ ದೊಡ್ಡ ಊರಿಗೆ ಹೋದಾಗ ಅಲ್ಲಿನ ನಗರಸಭೆಯ ಮೇಲೆ ಆ ಊರಿನದೇ ಬಾವುಟ ಹಾರುವುದನ್ನು ನೋಡಿ ಬಂದಿದ್ದರು. ನಮಗೂ ಒಂದು ಬೇಕು ಎಂದರು. ಬೇಸಿಗೆಯ ನಡುವೆ ಮೀಟಿಂಗು ಕರೆದರು.

ಮೀಟಿಂಗಿಗೆ ಚಹಾ ಕೊಟ್ಟವಳು ಬಸ್‌ಸ್ಟ್ಯಾಂಡಿನ ಹೋಟೆಲಿನ ಕಮಲಕ್ಕ. ಲೋಟ ತೊಳೆದಿಟ್ಟು ಸೀದಾ ರಹೀಮಕ್ಕನ ಹತ್ತಿರ ಬಂದಳು.

"ಎಂತ ಹೇಳ್ಲಿ ಮಾರಾಯ್ತಿ, ನಕ್ಕು ನಕ್ಕು ಚಹಾ ಚೆಲ್ಲಿದೆ. ಡ್ರಾಯಿಂಗ್ ಮೇಷ್ಟ್ರು ರೇಣುಕಾಪ್ರಸಾದ್ ಮೊದಲು ತಾವರೆ ಬರ್ಕೊಂಡು ಬಂದಿದ್ರು. ನಮ್ಮ ಕೆರೇಲಿ ಇದೆಯಲ್ಲ ಅಂತ. ಅರ್ಧ ಜನ ಎದ್ದು ನಿಂತ್ರು. ಸರಿ, ಆಶೀರ್ವಾದ ಮಾಡೋ ಕೈ ಹಾಕಾಣ ಅಂದ್ರು ಇನ್ನೊಬ್ರು. ಉಳಿದರ್ಧ ಜನ ಎದ್ದು ನಿಂತ್ರು. ಹೊರೆ ಹೊತ್ತ ಹೆಂಗಸು ಅಂದ್ರೆ ಅದೂ ಒಂದು ಪಾರ್ಟಿದಂತೆ. ಸ್ವಚ್ಛ ಊರು ಅಂತ ಪೊರಕೆ ಬರೀಲಿಕ್ಕೆ ಹೋದ್ರೆ ಅದಕ್ಕೂ ಡೆಲ್ಲಿ ಕಡೆ ಯಜಮಾನ್ರು ಇದ್ದಾರಂತೆ."

"ಕೊಡೆ?"

"ಕೊಡೆ ಯಾರಿಗೂ ನೆನಪಾಗ್ಲಿಲ್ಲ ಕಣೇ. ಹೊರಗೆ ಬಿಸಿಲು ಸುಡ್ತಿತ್ತಲ್ಲ."

ಬಣ್ಣದ ಜಗಳ ಇನ್ನೂ ದೊಡ್ಡದಾಗಿತ್ತಂತೆ. ಕೇಸರಿ ಎಂದರೆ ಈ ಸಾಲಿನವರು ಲೋಟ ಕೆಳಗಿಟ್ಟರು, ಹಸಿರು ಎಂದರೆ ಆ ಸಾಲಿನವರು. ಕೊನೆಗೆ ಯಾರಿಗೂ ಬೇಡದ ಬಿಳಿ ಎಲ್ಲರಿಗೂ ಒಪ್ಪಿಗೆಯಾಯಿತು. ಬಿಳಿ ಹತ್ತಿಬಟ್ಟೆ, ನಡುವೆ ಭದ್ರಾ ಹೊಳೆಗೆ ನೀಲಿ ಅಲೆ, ಮೇಲೆ ಹುಟ್ಟುವ ಸೂರ್ಯ, ಸುತ್ತ ಕಾಫಿ ಹಣ್ಣಿನ ಗೊಂಚಲು. ಹೊಳೆ ಎಂದರೆ ಜೀವ, ಸೂರ್ಯ ಎಂದರೆ ಏಳಿಗೆ ಎಂದು ಮೇಷ್ಟರು ಎದ್ದು ನಿಂತು ಅರ್ಥ ಓದಿದರು.

"ಕಂಬ ಎಲ್ಲಿ ನೆಡ್ತಾರೆ ಅಂತ ಕೇಳು," ಎಂದಳು ಕಮಲಕ್ಕ.

"ಎಲ್ಲಿ?"

 ಕಮಲಕ್ಕ ಅವಳು ಕೂತಿದ್ದ ಚಪ್ಪಡಿಯನ್ನು ನೋಡಿದಳು.

ಮಾರನೆಯ ದಿನ ಸೋಮಶೇಖರಪ್ಪನವರೇ ಬಂದರು. ಜೊತೆಗೆ ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಮುಖ್ಯಾಧಿಕಾರಿ.

"ರಹೀಮಕ್ಕ, ಇಲ್ಲಿ ಧ್ವಜದ ಕಟ್ಟೆ ಬರ್ತದೆ. ನಿಂಗೆ ಹಿಂದುಗಡೆ ಒಳ್ಳೆ ಜಾಗ ಕೊಡ್ತೀನಿ. ತಗಡಿನ ಮಾಡು ಇದೆ, ನೆನೆಯೋ ಗೋಜಿಲ್ಲ."

"ಹಿಂದುಗಡೆ ಅಂದ್ರೆ ಮೂತ್ರಿ ಪಕ್ಕ."

"ಪಕ್ಕ ಅಂದ್ರೆ ಅಷ್ಟು ಪಕ್ಕ ಅಲ್ಲ."

"ಅಲ್ಲಿಗೆ ಅವಸರದಲ್ಲಿ ಬರೋರು ಯಾರೂ ಕೊಡೆ ರಿಪೇರಿ ಮಾಡ್ಸಲ್ಲ, ಅಧ್ಯಕ್ಷರೇ."

ಮುಖ್ಯಾಧಿಕಾರಿಗೆ ನಗು ಬರಲಿಲ್ಲ. "ಇದು ಸರ್ಕಾರಿ ಜಾಗ. ಬಸ್ಸಿಳಿದವರಿಗೆ ಮೊದಲು ಊರಿನ ಗುರುತು ಕಾಣಬೇಕು," ಎಂದರು.

"ಈಗ ನಾನು ಕಾಣ್ತಿದೀನಲ್ಲ ಸಾರ್. ನಾನೆಂತ ಊರಿನವಳಲ್ಲವಾ?"

ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದ ಮಾತು. ಸೋಮಶೇಖರಪ್ಪ ಕೆಮ್ಮಿದರು. ಆ ಜಾಗದಿಂದ ಎದ್ದರೆ ತನ್ನ ಕೆಲಸ ಮುಗಿಯಿತು ಎಂದು ಅವಳಿಗೆ ಗೊತ್ತು. ಕಣ್ಣಿಗೆ ಬೀಳದ ಕೊಡೆಯವಳನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಹೊಸ ಕೊಡೆ ಎಲ್ಲ ಅಂಗಡಿಯಲ್ಲೂ ನೇತಾಡುತ್ತದೆ. ಅವಳು ಏಳಲಿಲ್ಲ.

ಕಬ್ಬಿಣದ ಕಂಬ ಬಂತು. ಚಪ್ಪಡಿಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನೆಟ್ಟರು. ಕಟ್ಟೆ ಕಟ್ಟಲು ಚಪ್ಪಡಿ ಕೀಳಬೇಕೆಂದು ಜೆಸಿಬಿ ತರಿಸಿದರು. ಅದನ್ನು ಓಡಿಸುವವನು ತಿಮ್ಮಣ್ಣ. ಅವನು ಬರುವಾಗ ರಹೀಮಕ್ಕ ಊಟಕ್ಕೆ ಹೋಗಿದ್ದಳು. ಚಪ್ಪಡಿಯ ಮೇಲೆ ವಹಾಬರ ಕೊಡೆ ಅಡ್ಡ ಬಿದ್ದಿತ್ತು.

"ಎತ್ತಿ ಪಕ್ಕಕ್ಕಿಡೋ," ಎಂದರು ಮುಖ್ಯಾಧಿಕಾರಿ.

ತಿಮ್ಮಣ್ಣ ಇಂಜಿನ್ ಆಫ್ ಮಾಡಿದ. "ಜನ ಇದ್ದಾರೆ ಸಾರ್."

"ಎಲ್ಲಿದ್ದಾರೆ?"

"ಕೊಡೆ ಇಟ್ಟು ಹೋಗಿದ್ದಾರಲ್ಲ," ಎಂದವನು ಕಮಲಕ್ಕನ ಹೋಟೆಲಿಗೆ ಚಹಾ ಕುಡಿಯಲು ಹೋದ. ಅಲ್ಲಿ ಕೂತವರಲ್ಲಿ ಒಬ್ಬರಿಗೂ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಮುಖ್ಯಾಧಿಕಾರಿ ಮಾತ್ರ ಅದೆಂಥ ಕಾನೂನೋ ತಿಳಿಯದೆ, ಕಟ್ಟೆಯ ಕೆಲಸ ಬಾವುಟ ಏರಿಸಿದ ಮೇಲೆ ಎಂದು ಮುಂದೂಡಿದರು.

ಬಾವುಟ ಏರಿಸುವ ದಿನ ಆರಿದ್ರಾ ಮಳೆಗೆ ಸಿಕ್ಕಿತು. ಇದು ಹೇಗಾಯಿತೆಂದು ಇವತ್ತಿಗೂ ಊರಿನವರು ಒಬ್ಬರನ್ನೊಬ್ಬರು ಕೇಳುತ್ತಾರೆ. ಮಳೆಗಾಲದಲ್ಲಿ ಲಂಗೋಟಿ ಒಣಗಿಸಲಿಕ್ಕೂ ಒಲೆಯ ಮೇಲೆ ಹಗ್ಗ ಕಟ್ಟುವ ಜನ, ಬೇಸಿಗೆಯಲ್ಲಿ ಕೂತು, ನಾಲ್ಕು ತಿಂಗಳು ಆಕಾಶದಲ್ಲಿ ನೇತಾಡಬೇಕಾದ್ದಕ್ಕೆ ಬಿಳಿ ಹತ್ತಿಬಟ್ಟೆ ಆರಿಸಿದ್ದರು. ಒಬ್ಬರ ಬಾಯಿಗೂ ಮಳೆ ಎಂಬ ಮಾತು ಬಂದಿರಲಿಲ್ಲ.

ಸೋಮಶೇಖರಪ್ಪ ಹಗ್ಗ ಎಳೆದರು. ಮಡಿಕೆಯೊಳಗಿನ ಹೂವಿನ ಎಸಳು ಒದ್ದೆ ಉಂಡೆಯಾಗಿ ಅವರ ಹೆಗಲ ಮೇಲೆ ಬಿತ್ತು. ಬಾವುಟ, ಒಗೆಯುವ ಕಲ್ಲಿನಿಂದ ಎತ್ತಿದ ಪಂಚೆಯ ಹಾಗೆ ಬಿಚ್ಚಿಕೊಂಡು ಕಂಬಕ್ಕೆ ಅಂಟಿತು. ಎಲ್ಲರ ಕೈಯಲ್ಲೂ ಕೊಡೆ ಇದ್ದುದರಿಂದ ಚಪ್ಪಾಳೆಯೂ ಬೀಳಲಿಲ್ಲ. ರಹೀಮಕ್ಕ ತನ್ನ ಚಪ್ಪಡಿಯ ಮೇಲೆ ಕೂತೇ ನೋಡಿದಳು. ಸಂಜೆಯೊಳಗೆ ಸೂರ್ಯನ ಬಣ್ಣ ಭದ್ರಾ ಹೊಳೆಯ ನೀಲಿಗೆ ಇಳಿಯಿತು. ಆ ವಾರ ಕಳೆಯುವುದರೊಳಗೆ ಬಟ್ಟೆಯ ತುಂಬ ಬೂಷ್ಟು ಬಂತು. ಬಸ್ಸಿನ ಕಂಡಕ್ಟರುಗಳು, "ಯಾರ್ರೀ ಒದ್ದೆಬಟ್ಟೆ ಸ್ಟಾಪು, ಇಳೀರಿ," ಎಂದು ಕೂಗಲು ಶುರುಮಾಡಿದರು.

ಆ ಮಾತು ಸೋಮಶೇಖರಪ್ಪನವರಿಗೆ ನಾಟಿತು. ಒಂದು ಮಧ್ಯಾಹ್ನ ಏನೂ ಆಗದ ಕೊಡೆಯೊಂದನ್ನು ಹಿಡಿದುಕೊಂಡು ಬಂದು ರಹೀಮಕ್ಕನ ಎದುರು ನಿಂತರು. ಅವಳು ಬಿಚ್ಚಿ ನೋಡಿದಳು, ಮಡಚಿ ವಾಪಸು ಕೊಟ್ಟಳು.

"ಇದಕ್ಕೆ ಎಂತ ಆಗಿಲ್ಲ. ನಿಮಗೆ ಎಂತ ಆಗಿದೆ ಹೇಳಿ."

"ಕೊಡೆ ಬಟ್ಟೇಲಿ ಒಂದು ಬಾವುಟ ಹೊಲಿಯಕ್ಕೆ ಆಗುತ್ತಾ?"

"ಆಗುತ್ತೆ. ಇಲ್ಲೇ ಕೂತು ಹೊಲೀತೀನಿ. ಹೊಲಿದ ಮೇಲೂ ಇಲ್ಲೇ ಕೂರ್ತೀನಿ."

"ಅದು ನೋಡಾಣ ರಹೀಮಕ್ಕ. ಕಟ್ಟೆ ಮಂಜೂರಾಗಿಬಿಟ್ಟಿದೆ."

"ನೀವು ನೋಡ್ತಾ ಇರಿ. ನಾನು ಕೂತಿರ್ತೀನಿ," ಎಂದಳು.

ಒಪ್ಪಂದ ಅಂದರೆ ಅಷ್ಟೇ. ಅವರು ಮಾತು ಕೊಡಲಿಲ್ಲ, ಅವಳು ಬೇಡಲಿಲ್ಲ. ಹಾಗಾದರೆ ಯಾಕೆ ಹೊಲಿದಳು ಎಂದು ಕಮಲಕ್ಕ ಕೇಳಿದ್ದಕ್ಕೆ, "ಬೂಷ್ಟು ಹಿಡಿದ ಬಟ್ಟೆ ದಿನಾ ನನ್ನ ತಲೆ ಮೇಲೆ ನೇತಾಡೋದು ಯಾರಿಗೆ ಬೇಕು?" ಎಂದಳು.

ಅವಳ ಮನೆಯ ಅಟ್ಟದಲ್ಲಿ ಕೊಡೆಗಳ ಒಂದು ಹೊರೆಯೇ ಇತ್ತು. ರಿಪೇರಿಗೆ ಕೊಟ್ಟವರು ಮರೆತದ್ದು, ಬೇರೆ ಕೊಂಡವರು ಬಿಟ್ಟದ್ದು, ತೀರಿಹೋದವರದ್ದು. ಒಂದನ್ನೂ ಮಾರಿರಲಿಲ್ಲ. ಅವೆಲ್ಲ ಕೆಳಗಿಳಿದು ಚಪ್ಪಡಿಯ ಪಕ್ಕ ಬಂದವು. ತೀರಿಹೋದ ಪೋಸ್ಟ್‌ಮ್ಯಾನ್ ಷಡಕ್ಷರಿಯದ್ದು. ಕೆರೆಕಟ್ಟೆಯಿಂದ ಕಾಡಿನ ಕೆಲಸದವನೊಬ್ಬ ಕೊಟ್ಟು ಹೋಗಿ ತಿರುಗಿ ಬಾರದೆ ಉಳಿದ ಉದ್ದ ಕೋಲಿನದ್ದು. ಮದುವೆಯಾಗಿ ಹೋದ ಮೇಷ್ಟರ ಮಗಳು ರಶ್ಮಿಯ ನೇರಳೆ ಹೂವಿನದ್ದು. ಬೇಕರಿಯ ತಸ್ಮಿಯಾಳ ನೀಲಿಯದ್ದು. ಉಳಿದವೆಲ್ಲ ಕಪ್ಪು. ವಹಾಬರ ಕೊಡೆಗೆ ಮಾತ್ರ ಕತ್ತರಿ ಹಾಕಲಿಲ್ಲ. ಅದಕ್ಕೆ ಕೆಲಸವಿತ್ತು.

ತೆಂಗಿನಕಾಯಿ ವ್ಯಾಪಾರದ ಲಿಂಗಪ್ಪ ದೂರದಿಂದಲೇ ತನ್ನ ಕೊಡೆ ಗುರುತು ಹಿಡಿದ.

"ಹೋಯ್, ಅದು ನಂದು. ಕತ್ತರಿಸ್ತೀಯಲ್ಲ."

"ರಿಪೇರಿಗೆ ಕೊಟ್ಟು ಎಷ್ಟು ಮಳೆಗಾಲ ಆಯ್ತು ಲಿಂಗಪ್ಪ?"

"ಮರೆತಿದ್ದೆ ಮಾರಾಯ್ತಿ."

"ಇನ್ನು ಮರೆಯಲ್ಲ ಬಿಡು. ತಲೆ ಎತ್ತಿದ್ರೆ ಕಾಣುತ್ತೆ."

ಕೊಡೆಯ ಬಟ್ಟೆ ಒಂದೇ ಬಟ್ಟೆಯಲ್ಲ. ಚೂಪಾದ ಮೂರು ಮೂಲೆಯ ತುಂಡುಗಳನ್ನು, ಚೂಪೆಲ್ಲ ನೆತ್ತಿಗೆ ಬರುವಂತೆ ಜೋಡಿಸಿ ಹೊಲಿದದ್ದು. ರಹೀಮಕ್ಕ ತುಂಡುಗಳನ್ನು ಬಿಡಿಸಿದಳು, ಒಳ್ಳೆಯವನ್ನು ಆರಿಸಿದಳು, ಮೇಣದ ದಾರ ಹಾಕಿ ಹೊಲಿದಳು. ಕೈ ತನ್ನ ಪಾಡಿಗೆ ತಾನು ನಡೆಯಿತು. ಅದೇ ತಪ್ಪಾಯಿತು. ಎತ್ತಿ ಹಿಡಿದರೆ ಬಾವುಟವಲ್ಲ, ದೊಡ್ಡದೊಂದು ಕೊಡೆ. ಅವಳ ಕೈಗೆ ಗೊತ್ತಿದ್ದದ್ದು ಅದೊಂದೇ ಹೊಲಿಗೆ. ಆದರೂ ನೋಡೋಣ ಎಂದು ತಿಮ್ಮಣ್ಣ ಹಗ್ಗಕ್ಕೆ ಕಟ್ಟಿ ಏರಿಸಿದ. ಹೊಳೆಯ ಕಡೆಯಿಂದ ಗಾಳಿ ಬಂದದ್ದೇ ಅದು ಬುಸ್ಸೆಂದು ಉಬ್ಬಿ ನಿಂತಿತು. ಹಗ್ಗ ಹಿಡಿದ ತಿಮ್ಮಣ್ಣನ ಹಿಮ್ಮಡಿ ನೆಲ ಬಿಟ್ಟಿತು.

"ರಹೀಮಕ್ಕ, ಊರನ್ನೇ ಹಾರಿಸ್ಕೊಂಡು ಹೋಗುತ್ತೆ ಇದು," ಎಂದ ಲಿಂಗಪ್ಪ. ಬಸ್‌ಸ್ಟ್ಯಾಂಡು ನಕ್ಕಿತು. ಮುಖ್ಯಾಧಿಕಾರಿಯೂ ಆಫೀಸಿನ ಕಿಟಕಿಯಲ್ಲಿ ನಿಂತು ನಕ್ಕರು.

ಅವಳೂ ಸ್ವಲ್ಪ ನಕ್ಕಳು. ಆಮೇಲೆ ಅದನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದಳು. ಅಂಚಿನ ಬಾಗು ಕತ್ತರಿಸಿ ನೇರ ಮಾಡಿದಳು. ಒಂದು ತುಂಡಿನ ಚೂಪು ಮೇಲಕ್ಕೆ, ಪಕ್ಕದ್ದರ ಚೂಪು ಕೆಳಕ್ಕೆ, ಮತ್ತೊಂದು ಮೇಲಕ್ಕೆ. ಹಾಗೆ ಸಾಲು ಹಿಡಿದು ಜೋಡಿಸಿದಾಗ ಬಟ್ಟೆ ಹಾಸಿದ ಚಾಪೆಯಂತೆ ಮಲಗಿತು. ಕಪ್ಪಿನ ನಡುವೆ ಅಲ್ಲೊಂದು ನೀಲಿ, ಇಲ್ಲೊಂದು ಹೂವು.

ಈಗ ಮೆಂಬರು ಬಸವೇಶ್ ತಕರಾರು ತೆಗೆದ. ಕಪ್ಪು ಬಾವುಟ ಅಂದರೆ ಪ್ರತಿಭಟನೆ, ಅಪಶಕುನ. ಮಂತ್ರಿಗಳು ಬಂದರೆ ತಮಗೇ ತೋರಿಸಿದ್ದು ಅಂದುಕೊಳ್ಳುತ್ತಾರೆ. ಮೀಟಿಂಗು ಕರೆದು ರಹೀಮಕ್ಕನಿಗೂ ಬರಲು ಹೇಳಿದರು. ಚಪ್ಪಡಿಯ ಮೇಲೆ ವಹಾಬರ ಕೊಡೆ ಇಟ್ಟು, ಬಾವುಟವನ್ನು ಸೆರಗಿನಡಿ ಹಿಡಿದು, ಕಮಲಕ್ಕನ ಕೊಡೆಯಲ್ಲಿ ನಡೆದು ಹೋದಳು. ಪಂಚಾಯಿತಿಯ ಜಗಲಿಯಲ್ಲಿ ಮೆಂಬರುಗಳ ಕೊಡೆಗಳನ್ನು ನೀರಿಳಿಯಲು ಬಿಚ್ಚಿಟ್ಟಿದ್ದರು. ಅವಳು ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು.

"ಬಸವೇಶಣ್ಣ, ಇಲ್ಲಿ ಬಂದು ನಿಮ್ಮ ಕೊಡೆ ಯಾವುದು ತೋರ್ಸಿ."

ಬಸವೇಶ್ ಬಂದು ನೋಡಿದ. ಜಗಲಿ ತುಂಬ ಕಪ್ಪು ಕಪ್ಪು.

"ಇವೆಲ್ಲ ಯಾರ ಮೇಲಿನ ಪ್ರತಿಭಟನೆ? ಕೂಸಿನ ನಾಮಕರಣಕ್ಕೆ ಹೋಗುವಾಗ ಇದನ್ನೇ ಹಿಡಿದಿರಲ್ಲ, ಅಪಶಕುನ ಆಯ್ತಾ? ನಮ್ಮ ಮಯ್ಯತ್ತು ಮಣ್ಣಿಗೆ ಹೋಗುವಾಗ್ಲೂ ನಿಮ್ಮ ಮದುವೆ ದಿಬ್ಬಣಕ್ಕೂ ಒಂದೇ ಕೊಡೆ ಬರುತ್ತೆ. ಕಪ್ಪು ಬೇಡ ಅನ್ನೋರು ನಾಳೆಯಿಂದ ಬಿಳಿ ಕೊಡೆ ಹಿಡ್ಕೊಂಡು ಓಡಾಡಿ. ಆಮೇಲೆ ಬಿಚ್ಚಿ ಬಿಳಿ ಹಾಕ್ತೀನಿ."

"ಹಾಗಲ್ಲ ರಹೀಮಕ್ಕ, ಬಾವುಟ ಅಂದ್ರೆ ಅದಕ್ಕೊಂದು ಅರ್ಥ ಇರ್ಬೇಕು," ಎಂದರು ರೇಣುಕಾಪ್ರಸಾದ್ ಮೇಷ್ಟರು. ತಮ್ಮ ಸೂರ್ಯ ಬೂಷ್ಟು ಹಿಡಿದ ನೋವು ಅವರಿಗಿತ್ತು.

"ನೀವು ಅರ್ಥ ಮೊದಲು ಬರೆದಿರಿ ಮೇಷ್ಟ್ರೇ, ಅದು ಒಣಗ್ಲಿಲ್ಲ. ಈಗ ಮೊದಲು ಹಾರ್ಲಿ."

ಯಾರೂ ಒಪ್ಪಿದೆವು ಎನ್ನಲಿಲ್ಲ. ಮಾರನೆಯ ಬೆಳಿಗ್ಗೆ ಹಾರ, ಮೈಕು ಏನೂ ಇಲ್ಲದೆ ಸೋಮಶೇಖರಪ್ಪ ಒಬ್ಬರೇ ಬಂದು ಹಗ್ಗ ಎಳೆದರು. ಮಳೆ ಸುರಿಯುತ್ತಲೇ ಇತ್ತು. ಬಾವುಟ ಮೇಲೆ ಹೋಯಿತು, ಎಮ್ಮೆ ಮೈ ಕೊಡವಿದ ಹಾಗೆ ಒಮ್ಮೆ ನೀರು ಕೊಡವಿತು, ಹಾರಿತು. ಕೊಪ್ಪದ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡಿದ. ಆವತ್ತು "ಕಡವಿನಪೇಟೆ" ಎಂದೇ ಕೂಗಿದ.

ಆಮೇಲೆ ಅರ್ಥಗಳು ತಾವಾಗಿ ಬಂದವು. ಮೇಲೆ ಮಾಡಿದ ಚೂಪು ಗುಡ್ಡ, ಕೆಳಗೆ ಮಾಡಿದ್ದು ಕಣಿವೆ ಎಂದರು ಕೆಲವರು. ನೀಲಿ ತುಂಡೇ ಭದ್ರಾ ಎಂದ ಬಸವೇಶ್, ಮೊದಲಿನಿಂದ ತಾನೇ ಹೇಳಿದ್ದ ಹಾಗೆ. ಷಡಕ್ಷರಿಯ ಹೆಂಡತಿ ಅಂಬಿಕಾ ಬಸ್ಸು ಹತ್ತುವ ಮುನ್ನ ಒಂದು ತುಂಡನ್ನಷ್ಟೇ ಹುಡುಕಿ ನೋಡಿ ಹೋಗುತ್ತಿದ್ದರು. ಮೇಷ್ಟರು ಎರಡು ದಿನ ದೂರದಿಂದ ನೋಡಿದರು. ಮೂರನೆಯ ದಿನ ಹತ್ತಿರ ಬಂದು, ಆ ನೇರಳೆ ಹೂವಿನದ್ದು ನಮ್ಮ ರಶ್ಮಿದಾ ಎಂದು ಕೇಳಿದರು. ಹೌದು ಎಂದಾಗ ಕತ್ತೆತ್ತಿ ಆ ತುಂಡನ್ನೇ ನೋಡಿದರು. ಆಮೇಲೆ, ಪಂಚಾಯಿತಿಯ ಬೋರ್ಡಿನಲ್ಲಿ ಬಾವುಟದ ಅರ್ಥ ಏನೆಂದು ಬರೆಯಲಿ ಎಂದರು.

"ಹರಿದ ಕೊಡೆ ಅಂತ ಬರೀರಿ."

ಮೇಷ್ಟರು ಗುಡ್ಡ, ಕಣಿವೆ, ಐಕ್ಯತೆ ಎಂದು ಬರೆದರು. ಅದು ಅವರ ಕೆಲಸ.

ಬಾವುಟ ಹಾರಿತಲ್ಲ, ಇನ್ನು ಕಟ್ಟೆ ಎಂದು ಮುಖ್ಯಾಧಿಕಾರಿ ಮತ್ತೆ ಎದ್ದರು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಗಾರೆಯವರನ್ನು ಕರೆಸಿದರು. ಸೋಮಶೇಖರಪ್ಪ ರಹೀಮಕ್ಕನ ಮುಖ ನೋಡಲಾರದೆ, "ನಾನೊಬ್ಬನೇ ಎಂತ ಮಾಡ್ಲಿ ಹೇಳು," ಎಂದು ಮಂಡಿಗೆ ಹೋಗಿ ಕೂತರು. ಗಾರೆಯವರು ಬಂದಾಗ ಅವಳು ಕಡ್ಡಿ ಬಗ್ಗಿಸುತ್ತ ಕೂತಿದ್ದಳು. ಏಳಮ್ಮ ಎಂದರು. ಮಧ್ಯಾಹ್ನ ಏಳ್ತೀನಿ, ಊಟಕ್ಕೆ ಎಂದಳು. ಅವರು ಆ ಕಡೆಯಿಂದ ಕಟ್ಟುತ್ತ ಬಂದರು. ಮಧ್ಯಾಹ್ನ ಹೇಳಿದ ಹಾಗೇ ಎದ್ದಳು, ವಹಾಬರ ಕೊಡೆಯನ್ನು ಚಪ್ಪಡಿಗೆ ಅಡ್ಡ ಇಟ್ಟಳು, ಮನೆಗೆ ಹೋದಳು. ಬೇಕೆಂದೇ ನಿಧಾನ ಉಂಡಳು, ಮಲಗಿ ಎದ್ದಳು.

ಗಾರೆಯವರು ಬಾಳೆಹೊನ್ನೂರಿನವರು. ಬಸ್ಸಿನಲ್ಲಿ ಬೆಳೆದ ಜನ. ಕೊಡೆಯ ಸುತ್ತ ಒಂದು ಸುತ್ತು ಹಾಕಿದರು, ತಲೆ ಕೆರೆದುಕೊಂಡರು. ಮುಖ್ಯಾಧಿಕಾರಿ ಮೀಟಿಂಗಿಗೆಂದು ಹೊರಗೆ ಹೋಗಿದ್ದರು. ಕಲಸಿದ ಸಿಮೆಂಟು ಗಟ್ಟಿಯಾಗುತ್ತ ಬಂತು. ಅವಳು ತಿರುಗಿ ಬರುವಾಗ ಕಂಬದ ಸುತ್ತ ಚಂದದ ಕಟ್ಟೆ ಎದ್ದಿತ್ತು. ಚಪ್ಪಡಿ ಇದ್ದಲ್ಲೇ ಇತ್ತು. ಅದರ ಮೂರು ಬದಿಗೂ ಗಾರೆ ಹಿಡಿದು, ಅದು ಕಟ್ಟೆಯ ಮೊದಲ ಮೆಟ್ಟಿಲಾಗಿ ಸೇರಿಕೊಂಡಿತ್ತು. ಮೇಲೆ ಕೊಡೆ ಹಾಗೇ ಅಡ್ಡ ಬಿದ್ದಿತ್ತು, ಒಂದು ಹನಿ ಸಿಮೆಂಟು ಸಿಡಿದಿರಲಿಲ್ಲ.

ಸಂಜೆ ಮುಖ್ಯಾಧಿಕಾರಿ ನೋಡಿ ಕೆಂಪಾದರು. ಒಡೆಸಲು ಆಗ ಯಾರೂ ಸಿಗಲಿಲ್ಲ. ತಿಮ್ಮಣ್ಣನಿಗೆ ಫೋನು ಹೋಗಲಿಲ್ಲ. ಒಂದೆರಡು ದಿನ ಬಿಟ್ಟು ಕಟ್ಟೆಯ ಮೂಲೆಗೆ ಒಂದು ಬೋರ್ಡು ಬಂತು. ರಹೀಮಕ್ಕ ಊಟ ಮುಗಿಸಿ ಬಂದು ಕೂರುವ ಮೊದಲೇ ಮುಖ್ಯಾಧಿಕಾರಿಯೇ ಬಂದು ಎದುರು ನಿಂತರು.

"ಇದು ಈಗ ಧ್ವಜದ ಕಟ್ಟೆ. ನಿಯಮ ಬರೆಸಿದ್ದೇನೆ, ಓದಿಕೊಳ್ಳಿ."

"ನಂಗೆ ಓದಕ್ಕೆ ಬರಲ್ಲ ಸಾರ್. ಕಮಲಕ್ಕಾ, ಎಂತ ಬರ್ದಿದೆ ಹೇಳೇ."

ಕಮಲಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಬೋರ್ಡನ್ನು ನೋಡಿದಳು. ಎರಡು ಸಾಲಿತ್ತು, ಎರಡನೆಯದು ಕಟ್ಟೆಯ ಮೇಲೆ ಯಾರೂ ಕೂರಬಾರದು ಎಂದು.

"ಚಪ್ಪಲಿ ಬಿಟ್ಟು ಬರಬೇಕಂತೆ," ಎಂದಳು.

"ಅಷ್ಟೇನಾ?"

"ನಂಗೆ ಕನ್ನಡಕ ಇಲ್ಲ ಮಾರಾಯ್ತಿ, ಕೆಳಗಿಂದು ಕಾಣ್ತಿಲ್ಲ."

ಲಿಂಗಪ್ಪನನ್ನು ಕರೆದರು. ಅವನೂ ಮೊದಲ ಸಾಲು ಗಟ್ಟಿಯಾಗಿ ಓದಿದ, ಎರಡನೆಯದಕ್ಕೆ ಬಂದಾಗ ತನ್ನ ಬಸ್ಸು ಬಂತು ಎಂದು ಓಡಿದ. ಯಾವ ಬಸ್ಸೂ ಬಂದಿರಲಿಲ್ಲ. ರೇಣುಕಾಪ್ರಸಾದ್ ಮೇಷ್ಟರು ಅತ್ತ ಹೋಗುತ್ತಿದ್ದರು. ಅವರು ಓದು ಬಾರದವರೆಂದು ಯಾರೂ ಹೇಳುವ ಹಾಗಿಲ್ಲ. ಬಂದು ನಿಂತು, ಮೊದಲ ಸಾಲನ್ನು ತರಗತಿಯಲ್ಲಿ ಓದುವ ಹಾಗೆ ಸ್ಪಷ್ಟವಾಗಿ ಓದಿದರು. ಎರಡನೆಯದನ್ನು ಬಹಳ ಹೊತ್ತು ನೋಡಿದರು.

"ಅಕ್ಷರ ಸರಿ ಬರೆದಿಲ್ಲ ಸಾರ್, ಅರ್ಥ ಆಗ್ತಿಲ್ಲ," ಎಂದರು. ನಡೆದುಬಿಟ್ಟರು.

ಮುಖ್ಯಾಧಿಕಾರಿ ತಾವೇ ಓದಲು ಬಾಯಿ ತೆರೆಯುವಷ್ಟರಲ್ಲಿ ರಹೀಮಕ್ಕ ಬಗ್ಗಿ ಎರಡೂ ಚಪ್ಪಲಿ ಬಿಚ್ಚಿದಳು. ಜೋಡಿಸಿ ನೆಲದ ಮೇಲೆ ಇಟ್ಟಳು. ವಹಾಬರ ಕೊಡೆಯನ್ನು ಎತ್ತಿ ಪಕ್ಕಕ್ಕಿಟ್ಟು, ಗೋಣಿಚೀಲ ಹಾಸಿ, ತನ್ನ ಚಪ್ಪಡಿಯ ಮೇಲೆ ಕೂತಳು.

"ಬಿಟ್ಟು ಬಂದಿದೀನಿ ಸಾರ್," ಎಂದಳು. ಪೆಟ್ಟಿಗೆ ತೆರೆದು ಸೂಜಿ ತೆಗೆದಳು. ಮೇಲೆ ಲಿಂಗಪ್ಪನ ಕೊಡೆ, ಷಡಕ್ಷರಿಯ ಕೊಡೆ ಪಟಪಟ ಬಡಿಯುತ್ತಿದ್ದವು. ಬಾಳಗಡಿಯಿಂದ ಬಂದ ಬಸ್ಸಿನ ಕಿಟಕಿಯಿಂದ ಒಂದು ಕೊಡೆ ಹಾರಿ ಬಂದು ಕಟ್ಟೆಯ ಮೇಲೆ ಬಿತ್ತು.